ಮಸ್ಟಾಂಗ್, ಕಾರ್ವೇರ್ ಮತ್ತು ನಾನು ಹರಿದುಹಾಕಿದ ಚೀಟಿಗಳು

ಎರಡು ಹಳೆಯ ಕಾರುಗಳನ್ನು ಓಡಿಸಿ ಹೋಲಿಸಿದ ಮೊದಲ ಸಂಜೆ ಮನೆಗೆ ತಂದ ಓಟದ ಸಮಯದ ಚೀಟಿಗಳನ್ನೆಲ್ಲ ಮೂರು ವಾರದ ನಂತರ ನಾನೇ ಹರಿದುಹಾಕಿದೆ. ಗಡಿಯಾರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಕಾರುಗಳಲ್ಲಿ, ಅದೂ ಎರಡರಲ್ಲೂ, ಹೆಚ್ಚುಕಡಿಮೆ ಒಂದೇ ಬಗೆಯ ತಪ್ಪು.

ಒಂದು ಕಾರು ನನ್ನದು. 1965ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್ ಕೂಪೆ, 289 ಘನ ಇಂಚಿನ ವಿ8 ಎಂಜಿನ್ (ಎಂಟು ಸಿಲಿಂಡರುಗಳು ವಿ ಆಕಾರದಲ್ಲಿ ನಿಂತಿರುವುದು), ನಾಲ್ಕು ಗೇರು. ಇನ್ನೊಂದು ನಮ್ಮ ಹಿಂದಿನ ಬೀದಿಯಲ್ಲಿರುವ ಹಿರಿಯರೊಬ್ಬರದು. ಅದೇ ವರ್ಷದ ಶೆವರ್ಲೆ ಕಾರ್ವೇರ್ ಕೋರ್ಸಾ ಕೂಪೆ, 164 ಘನ ಇಂಚಿನ ಆರು ಸಿಲಿಂಡರ್ ಎಂಜಿನ್, ಅದಕ್ಕೂ ನಾಲ್ಕು ಗೇರು. ನನ್ನ ಮಗಳು ಅವರನ್ನು ಕಾರ್ವೇರ್ ಅಜ್ಜ ಎಂದು ಕರೆಯುತ್ತಾಳೆ. ಇಲ್ಲಿ ನಾನೂ ಅಜ್ಜ ಎಂದೇ ಬರೆಯುತ್ತೇನೆ. ಅಜ್ಜನಿಗೆ ಎಪ್ಪತ್ತೆಂಟು ವರ್ಷ. ವಿಲ್ಲೋ ರನ್‌ನ ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದವರು.

ನಾವಿರುವುದು ಮಿಷಿಗನ್ ರಾಜ್ಯದ ಕ್ಯಾಂಟನ್‌ನಲ್ಲಿ. ಮನೆಯಿಂದ ಪೂರ್ವಕ್ಕೆ ಹೊರಟರೆ ಅರ್ಧ ಗಂಟೆಯಲ್ಲಿ ಡಿಯರ್‌ಬಾರ್ನ್, ಪಶ್ಚಿಮಕ್ಕೆ ಹೊರಟರೆ ಅದಕ್ಕಿಂತ ಬೇಗ ವಿಲ್ಲೋ ರನ್. ನನ್ನ ಮಸ್ಟಾಂಗಿನ ಚಾಸಿಸ್ ಸಂಖ್ಯೆ 5ಎಫ್07ಎ ಎಂದು ಆರಂಭವಾಗುತ್ತದೆ. 5 ಎಂದರೆ 1965, ಎಫ್ ಎಂದರೆ ಡಿಯರ್‌ಬಾರ್ನ್ ಕಾರ್ಖಾನೆ, 07 ಎಂದರೆ ಹಾರ್ಡ್‌ಟಾಪ್, ಕೊನೆಯ ಎ ಎಂದರೆ ನಾಲ್ಕು ಬಾಯಿಯ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ 289. ಅಜ್ಜನ ಕಾರಿನದು 107375ಡಬ್ಲ್ಯು: ಕೋರ್ಸಾ, ಕೂಪೆ, 1965, ವಿಲ್ಲೋ ರನ್. ಅಂದರೆ ಅರವತ್ತು ವರ್ಷದ ಹಿಂದೆ ನಮ್ಮ ಮನೆಯ ಎರಡು ಬದಿಗೆ ಹುಟ್ಟಿದ ಕಾರುಗಳಿವು. ಯಾವುದು ಚುರುಕು ಎಂಬ ಪ್ರಶ್ನೆ ನಮ್ಮಿಬ್ಬರ ನಡುವೆ ಬಾರದೆ ಇರಲು ಸಾಧ್ಯವೇ ಇರಲಿಲ್ಲ.

ಈ ಜೋಡಿಗೆ ಹಳೆಯ ನಂಟೂ ಇದೆ. ಕಾರ್ವೇರ್ ಮಾರುಕಟ್ಟೆಗೆ ಬಂದದ್ದು 1959ರ ಕೊನೆಯಲ್ಲಿ. ಎಂಜಿನ್ ಹಿಂದೆ, ತಂಪಿಗೆ ನೀರಿಲ್ಲ, ಬರೀ ಗಾಳಿ. ಮೂರು ಮೂರು ಸಿಲಿಂಡರ್‌ಗಳು ಎದುರುಬದುರಾಗಿ ಮಲಗಿರುತ್ತವೆ. ಅದರ ಮೊನ್ಜಾ ಕೂಪೆ ಬಕೆಟ್ ಸೀಟು ಹಾಕಿಕೊಂಡು ಯುವಕರ ಕಣ್ಣಿಗೆ ಬಿದ್ದ ಮೇಲೆ, ಇಂಥ ಪುಟ್ಟ ಸೊಗಸಿನ ಕಾರಿಗೆ ಗಿರಾಕಿಗಳಿದ್ದಾರೆ ಎಂದು ಫೋರ್ಡ್‌ನಲ್ಲಿದ್ದ ಲೀ ಅಯಕೋಕಾ ಮತ್ತು ಸಂಗಡಿಗರಿಗೆ ಹೊಳೆಯಿತು. ಮಸ್ಟಾಂಗ್ 1964ರ ಏಪ್ರಿಲ್ 17ರಂದು ನ್ಯೂಯಾರ್ಕ್‌ನ ವಿಶ್ವಮೇಳದಲ್ಲಿ ಹೊರಬಂತು. ಮೊದಲ ಹನ್ನೆರಡು ತಿಂಗಳಲ್ಲೇ ನಾಲ್ಕು ಲಕ್ಷ ದಾಟಿ ಮಾರಾಟವಾಯಿತು. ದಾರಿ ತೋರಿಸಿದ ಕಾರ್ವೇರನ್ನೇ ಅದು ನುಂಗಿತು ಎನ್ನಬಹುದು. ಸಾಲದ್ದಕ್ಕೆ 1965ರ ನವೆಂಬರಿನಲ್ಲಿ ಕಾರುಗಳ ಸುರಕ್ಷತೆಯನ್ನೇ ಪ್ರಶ್ನಿಸಿದ ರಾಲ್ಫ್ ನೇಡರ್ ಅವರ ಪುಸ್ತಕ ಬಂತು, ಅದರ ಮೊದಲ ಅಧ್ಯಾಯವೇ ಕಾರ್ವೇರಿನ ಮೇಲೆ. ಅವರು ದೂರಿದ್ದು 1960ರಿಂದ 63ರವರೆಗಿನ ಕಾರುಗಳ ಹಿಂಬದಿಯ ಸಸ್ಪೆನ್ಷನ್ನನ್ನು. 1965ರ ಹೊತ್ತಿಗೆ ಆ ವಿನ್ಯಾಸವೇ ಬದಲಾಗಿತ್ತು. 1972ರ ಸರ್ಕಾರಿ ವರದಿ ಹಳೆಯವೂ ಆ ಕಾಲದ ಇತರ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯಲ್ಲ ಎಂದಿತು. ಅಷ್ಟರಲ್ಲಿ ಊರೆಲ್ಲ ಆಡಿಕೊಂಡಾಗಿತ್ತು. ಕೊನೆಯ ಕಾರ್ವೇರ್ 1969ರ ಮೇ ತಿಂಗಳಲ್ಲಿ ವಿಲ್ಲೋ ರನ್‌ನಿಂದ ಹೊರಬಂತು. ಈ ಕಥೆಯನ್ನು ಅಜ್ಜನ ಮುಂದೆ ಎತ್ತಿದರೆ ಅರ್ಧ ದಿನ ಹೋದಂತೆಯೇ.

ಕಾಗದದ ಮೇಲೆ ಪಂದ್ಯವೇ ಇಲ್ಲ. ಮಸ್ಟಾಂಗಿಗೆ 225 ಅಶ್ವಶಕ್ತಿ, ಕಾರ್ವೇರಿಗೆ 140. ಒಂದರ ಎಂಜಿನ್ 4.7 ಲೀಟರ್, ಇನ್ನೊಂದರದು 2.7. ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಎರಡರಲ್ಲೂ ಕರಾರುವಾಕ್ಕಾಗಿ 108 ಇಂಚು.

ಈ ಅಶ್ವಶಕ್ತಿಯ ಲೆಕ್ಕವನ್ನು ಎಚ್ಚರಿಕೆಯಿಂದ ಓದಬೇಕು. ಆ ಕಾಲದ ಅಮೆರಿಕದ ಕಂಪನಿಗಳು ಹೇಳುತ್ತಿದ್ದದ್ದು ಒಟ್ಟು ಶಕ್ತಿ: ಎಂಜಿನ್ನನ್ನು ಕಾರಿನಿಂದ ಹೊರಗೆ, ಸ್ಟ್ಯಾಂಡಿನ ಮೇಲೆ ಕೂರಿಸಿ, ಏರ್ ಫಿಲ್ಟರ್, ಸೈಲೆನ್ಸರ್ ಮುಂತಾದ ಹೊರೆಯಿಲ್ಲದೆ ಅಳೆದದ್ದು. ಎಲ್ಲವನ್ನೂ ಹೊತ್ತ ಎಂಜಿನ್ನಿನ ನಿವ್ವಳ ಶಕ್ತಿಯನ್ನು ಅಲ್ಲಿ ಎಲ್ಲರೂ ಹೇಳತೊಡಗಿದ್ದು 1972ರಿಂದ. ಸಂಬಳದ ಪತ್ರದಲ್ಲಿ ಕಾಣುವ ಮೊತ್ತಕ್ಕೂ ಕೈಗೆ ಬರುವ ದುಡ್ಡಿಗೂ ಇರುವಷ್ಟೇ ವ್ಯತ್ಯಾಸ. ಕೈಗೆ ಎಷ್ಟು ಬರುತ್ತದೆ ಎಂಬುದೇ ನನ್ನ ಕುತೂಹಲವಾಗಿತ್ತು.

ಮೊದಲು ತೂಕ. ಹೆದ್ದಾರಿಯ ಪಕ್ಕದ ಲಾರಿ ನಿಲ್ದಾಣದಲ್ಲಿ ವೇಬ್ರಿಜ್ ಇದೆ; ಮುಂದಿನ ಚಕ್ರಗಳ ಭಾರ ಬೇರೆ, ಹಿಂದಿನದು ಬೇರೆ ತೋರಿಸುತ್ತದೆ. ನಲವತ್ತು ಟನ್ನಿನ ಟ್ರೇಲರ್‌ಗಳ ಸಾಲಿನಲ್ಲಿ ಈ ಎರಡು ಗೊಂಬೆ ಕಾರುಗಳು ನಿಂತದ್ದನ್ನು ಕಂಡು ಚಾಲಕನೊಬ್ಬ ಹಾರ್ನ್ ಹೊಡೆದು ನಕ್ಕ. ಮಸ್ಟಾಂಗ್ 2,900 ಪೌಂಡ್, ಅಂದರೆ 1,315 ಕಿಲೋ. ಅದರಲ್ಲಿ 1,600 ಪೌಂಡ್ ಮುಂದೆ. ಕಾರ್ವೇರ್ 2,560 ಪೌಂಡ್, 1,161 ಕಿಲೋ. ಮುಂದೆ ಬರೀ 980, ಉಳಿದ 1,580 ಹಿಂದಿನ ಚಕ್ರಗಳ ಮೇಲೆ. ಮುಂದೆ ನಡೆದದ್ದೆಲ್ಲದರ ಅರ್ಧ ಕಾರಣ ಈ ಚೀಟಿಯಲ್ಲೇ ಇತ್ತು, ನಾನು ಆಗ ಅದನ್ನು ಮಡಚಿ ಜೇಬಿಗಿಟ್ಟುಕೊಂಡೆ ಅಷ್ಟೇ.

ನೇರ ಓಟಕ್ಕೆ ನಾವು ಆರಿಸಿಕೊಂಡದ್ದು ಮಿಲಾನ್ ಊರಿನ ಡ್ರ್ಯಾಗ್ ಪಥ. ಇಟಲಿಯದಲ್ಲ, ಇಲ್ಲಿ ಆ್ಯನ್ ಆರ್ಬರ್‌ನ ದಕ್ಷಿಣಕ್ಕಿರುವ ಊರು. ಸ್ಥಳೀಯರು ಮೈಲನ್ ಎನ್ನುತ್ತಾರೆ. ಕಾಲು ಮೈಲಿಯ ಪಥ, ಅಂದರೆ 402 ಮೀಟರ್. ಹಣ ಕೊಟ್ಟು, ಹೆಲ್ಮೆಟ್ ತೊಟ್ಟು, ಬ್ಯಾಟರಿ ಬಿಗಿಯಾಗಿದೆಯೇ ಎಂದು ತಪಾಸಣೆ ಮಾಡಿಸಿಕೊಂಡರೆ ಯಾರು ಬೇಕಾದರೂ ಅಭ್ಯಾಸದ ಸಂಜೆ ಓಡಿಸಬಹುದು. ಓಟ ಮುಗಿದ ಮೇಲೆ ಕಿಟಕಿಯೊಂದರಲ್ಲಿ ಒಂದು ಚೀಟಿ ಕೊಡುತ್ತಾರೆ. ಮೊದಲ 60 ಅಡಿಗೆ ಎಷ್ಟು ಸೆಕೆಂಡ್, ಎಂಟನೇ ಒಂದು ಮೈಲಿಗೆ ಎಷ್ಟು, ಕೊನೆಗೆ ಎಷ್ಟು, ಕೊನೆಯಲ್ಲಿ ವೇಗ ಎಷ್ಟು, ಎಲ್ಲವೂ ಅದರಲ್ಲಿರುತ್ತದೆ. ಹಸಿರು ದೀಪ ಕಂಡು ಎಷ್ಟು ತಡವಾಗಿ ಹೊರಟಿರಿ ಎಂಬುದು ಓಟದ ಸಮಯಕ್ಕೆ ಸೇರುವುದಿಲ್ಲ. ಮುಂದಿನ ಚಕ್ರ ಬೆಳಕಿನ ಗೆರೆಯಿಂದ ಕದಲಿದಾಗ ಮಾತ್ರ ಗಡಿಯಾರ ಶುರು. ನನ್ನಂಥ ನಿಧಾನಸ್ಥನಿಗೆ ಇದು ದೊಡ್ಡ ಸಮಾಧಾನ.

ಮೊದಲ ಸಂಜೆ ಮಸ್ಟಾಂಗಿನ ಒಳ್ಳೆಯ ಓಟ 17.6 ಸೆಕೆಂಡ್, ಗಂಟೆಗೆ 77 ಮೈಲಿ. ಕಾರ್ವೇರಿನದು 19 ಸೆಕೆಂಡ್, 71 ಮೈಲಿ. ನಮ್ಮ ಕಾರು ಗೆದ್ದಿತು ಎಂಬ ಖುಷಿಯಲ್ಲಿ ನಾನು ಮನೆಗೆ ಬಂದೆ. ಅಜ್ಜ ಮಾತ್ರ ತುಟಿ ಬಿಗಿಹಿಡಿದಿದ್ದರು. ಸೋತದ್ದಕ್ಕಲ್ಲವಂತೆ. ಈ ಕಾರು ಹೀಗೆ ಓಡುವುದಿಲ್ಲ, ಏನೋ ಆಗಿದೆ ಎಂದರು. ಸೋತವರು ಹೇಳುವ ಮಾತೇ ಇದು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿ ಕರೆದರು. ಕಾರ್ವೇರಿನ ಈ ಎಂಜಿನ್ನಿಗೆ ನಾಲ್ಕು ಕಾರ್ಬೊರೇಟರ್‌ಗಳಿವೆ, ಒಂದೊಂದಕ್ಕೂ ಒಂದೇ ಬಾಯಿ. ಎರಡು ಯಾವಾಗಲೂ ಕೆಲಸ ಮಾಡುತ್ತವೆ. ಉಳಿದೆರಡು ಪೆಡಲನ್ನು ಅರ್ಧಕ್ಕಿಂತ ಹೆಚ್ಚು ತುಳಿದಾಗ ಕಂಬಿಯ ಎಳೆತಕ್ಕೆ ತೆರೆದುಕೊಳ್ಳಬೇಕು. ಅಜ್ಜ ಏರ್ ಫಿಲ್ಟರ್ ಬಿಚ್ಚಿ, ನನ್ನನ್ನು ಒಳಗೆ ಕೂರಿಸಿ, ಎಂಜಿನ್ ಶುರುಮಾಡದೆ ಪೆಡಲನ್ನು ನೆಲಕ್ಕೆ ಒತ್ತಲು ಹೇಳಿದರು. ಆಮೇಲೆ ನನ್ನನ್ನು ಕರೆದು ಟಾರ್ಚ್ ಬಿಟ್ಟು ತೋರಿಸಿದರು. ಎರಡರ ಬಾಯಲ್ಲಿ ಹಿತ್ತಾಳೆಯ ಬಿಲ್ಲೆ ನೆಟ್ಟಗೆ ನಿಂತಿತ್ತು. ಇನ್ನೆರಡರಲ್ಲಿ ಅಡ್ಡಡ್ಡ ಮುಚ್ಚಿಕೊಂಡೇ ಇತ್ತು, ಸುತ್ತ ಹಳೆಯ ಪೆಟ್ರೋಲಿನ ಕಂದು ಅಂಟು, ಹಲಸಿನ ಮೇಣದ ಹಾಗೆ. ಪ್ರತಿ ಚಳಿಗಾಲ ಐದಾರು ತಿಂಗಳು ಶೆಡ್ಡಿನಲ್ಲಿ ನಿಲ್ಲುವ ಕಾರಿನಲ್ಲಿ ಇದು ಆಗದಿದ್ದರೆ ಆಶ್ಚರ್ಯ. ಹಾಗಿದ್ದರೆ ನಿನ್ನದನ್ನೂ ನೋಡೋಣ ಎಂದರು ಅಜ್ಜ.

ಮಸ್ಟಾಂಗಿನದು ಆಟೋಲೈಟ್ 4100, ಒಂದೇ ಕಾರ್ಬೊರೇಟರಿಗೆ ನಾಲ್ಕು ಬಾಯಿ. ಹಿಂದಿನ ಎರಡು ಬಾಯಿಗಳನ್ನು ತೆರೆಯುವುದು ಕಂಬಿಯಲ್ಲ, ನಿರ್ವಾತ. ಎಂಜಿನ್ ಜೋರಾಗಿ ಗಾಳಿ ಎಳೆದಾಗ ಒಂದು ಸಣ್ಣ ಡಬ್ಬಿಯೊಳಗಿನ ರಬ್ಬರ್ ಪದರ ಮೇಲಕ್ಕೆದ್ದು ಸರಳನ್ನು ಎಳೆಯುತ್ತದೆ. ಹಾಗಾಗಿ ನಿಂತ ಕಾರಿನಲ್ಲಿ ಪೆಡಲ್ ತುಳಿದರೆ ಏನೂ ಕಾಣುವುದಿಲ್ಲ. ಇದಕ್ಕೊಂದು ಬಡವರ ಉಪಾಯ ಇದೆ. ಆ ಸರಳಿಗೆ ಕಾಗದ ಸಿಕ್ಕಿಸುವ ತೆಳ್ಳನೆಯ ಕ್ಲಿಪ್ ಹಾಕಿ ಡಬ್ಬಿಯ ಬುಡದವರೆಗೆ ಜರುಗಿಸಿ, ಕಾರನ್ನು ಒಂದು ಸಲ ಪೂರ್ತಿ ಎಳೆಸಿ, ಬಂದು ನೋಡಬೇಕು; ಸರಳು ಎಷ್ಟು ಕದಲಿದೆಯೋ ಅಷ್ಟು ಕ್ಲಿಪ್ ಕೆಳಗೆ ಸರಿದಿರುತ್ತದೆ. ನನ್ನ ಕ್ಲಿಪ್ ಇಟ್ಟಲ್ಲೇ ಇತ್ತು. ಡಬ್ಬಿ ಬಿಚ್ಚಿದರೆ ರಬ್ಬರಿನಲ್ಲಿ ಉಗುರು ತೂರುವಷ್ಟು ಸೀಳು. ಈ ಕಾರನ್ನು ಕೊಂಡು ಏಳು ವರ್ಷವಾಗಿತ್ತು. ಏಳು ವರ್ಷವೂ ಅರ್ಧ ಉಸಿರಿನಲ್ಲಿ ಓಡುವ ಕಾರನ್ನು ಓಡಿಸಿ, ಆಹಾ ವಿ8 ಎಂದು ನಾನು ಕಂಡವರಿಗೆಲ್ಲ ಹೇಳಿದ್ದೆ.

ಅಲ್ಲಿಂದ ಮುಂದೆ ಮೂರು ವಾರ ಕೆಲಸ. ಪ್ಲಗ್, ಪಾಯಿಂಟ್ (ಪ್ಲಗ್ಗಿನ ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್), ಟೈಮಿಂಗ್ ಎಲ್ಲವನ್ನೂ ಎರಡೂ ಕಾರುಗಳಲ್ಲಿ ಪುಸ್ತಕದಲ್ಲಿ ಹೇಳಿದ ಅಳತೆಗೆ ತಂದೆವು. ದಾವಣಗೆರೆಯಲ್ಲಿ ನಮ್ಮ ತಂದೆಯ ಪ್ರೀಮಿಯರ್ ಪದ್ಮಿನಿಗೆ ಪಾಯಿಂಟ್ ಹಾಕುತ್ತಿದ್ದ ಮೇಸ್ತ್ರಿ ಹ್ಯಾಕ್ಸಾ ಬ್ಲೇಡಿನ ತುಂಡನ್ನೇ ಗೇಜ್ ಮಾಡಿಕೊಂಡಿದ್ದ. ಕಿವಿಗೊಟ್ಟು ಎಂಜಿನ್ ಕೇಳಿ, ಸಾಕು ಎನ್ನುತ್ತಿದ್ದ. ಇಲ್ಲಿ ನಾನು ಮಸ್ಟಾಂಗಿಗೆ 0.017 ಇಂಚಿನ ಫೀಲರ್ ಗೇಜ್ ಇಟ್ಟು ಕಣ್ಣು ಕಿರಿದು ಮಾಡಿ ಕೂತರೆ, ಅಜ್ಜ ಆ ಮೇಸ್ತ್ರಿಯ ಹಾಗೆಯೇ ತಲೆ ವಾಲಿಸಿ ಕೇಳುತ್ತ ನಿಂತಿರುತ್ತಿದ್ದರು.

ಟೈರುಗಳ ಸಂಗತಿ ಹೊರಬಿದ್ದದ್ದು ನನ್ನ ಮಗಳಿಂದ. ಟೈರಿನ ಗೋಡೆಯ ಮೇಲೆ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿ ಓದಿದರೆ ಅದು ತಯಾರಾದ ವಾರ ಮತ್ತು ವರ್ಷ ತಿಳಿಯುತ್ತದೆ. ನನ್ನವು ಮೂರು ವರ್ಷದ ಹಿಂದಿನವು. ಕಾರ್ವೇರಿನವು 3109: 2009ರ ಮೂವತ್ತೊಂದನೇ ವಾರ! ನೆಲಕ್ಕೆ ತಾಗುವ ಮೈಯ ಹೂವಿನ ಗೀರುಗಳು ಮಾತ್ರ ಹೊಸದರಂತಿದ್ದವು, ರಬ್ಬರ್ ಒಣಗಿ ಹಲಗೆಯಾಗಿತ್ತು. ಇಂಥ ಟೈರ್ ಹಾಕಿಕೊಂಡು ತಿರುವಿನಲ್ಲಿ ಹೋಲಿಕೆ ಮಾಡಿದ್ದರೆ ಅದು ಕಾರುಗಳ ಹೋಲಿಕೆಯಾಗದೆ ರಬ್ಬರಿನ ವಯಸ್ಸಿನ ಹೋಲಿಕೆಯಾಗುತ್ತಿತ್ತು. ಎರಡಕ್ಕೂ ಹೊಸ ರೇಡಿಯಲ್ ಟೈರು ತರಿಸಿದೆವು, ಆದಷ್ಟು ಒಂದೇ ದರ್ಜೆಯವು. ಮಸ್ಟಾಂಗಿಗೆ 14 ಇಂಚಿನ ಚಕ್ರ, ಕಾರ್ವೇರಿಗೆ 13. ಕಾರ್ವೇರಿನಲ್ಲಿ ಗಾಳಿಯ ಒತ್ತಡ ಮುಂದೆ ಕಡಿಮೆ, ಹಿಂದೆ ಹೆಚ್ಚು ಇರಲೇಬೇಕು. ಹಳೆಯ ಮಾದರಿಗಳಿಗೆ ಕಂಪನಿ ಹೇಳಿದ್ದು ಮುಂದೆ 15, ಹಿಂದೆ 26 ಪೌಂಡ್. ಪೆಟ್ರೋಲ್ ಬಂಕಿನ ಹುಡುಗರು ನಾಲ್ಕಕ್ಕೂ ಸಮನಾಗಿ ತುಂಬಿ ಆ ಕಾರುಗಳ ನಡತೆಯನ್ನು ಕೆಡಿಸುತ್ತಿದ್ದರು ಎಂಬುದು ಅಜ್ಜನ ವಾದ, ಅದರಲ್ಲಿ ಸತ್ಯವಿದೆ. ನಾವು ಹೊಸ ಟೈರುಗಳಿಗೆ 20 ಮತ್ತು 30 ಇಟ್ಟೆವು.

ಎರಡನೇ ಸಂಜೆ ಮಗಳೇ ಲೆಕ್ಕದ ಪುಸ್ತಕ ಹಿಡಿದಳು. ಕಳೆದ ಸಲ ನಾನು ಪ್ರತಿ ಬಾರಿಯೂ ಮಸ್ಟಾಂಗನ್ನೇ ಮೊದಲು ಓಡಿಸಿದ್ದೆ ಎಂದು ಅವಳಿಗೆ ಗೊತ್ತಾಗಿತ್ತು. "ಅಪ್ಪಾ, ನೀನು ಮೊದಲು ನಿನ್ನ ಕಾರಿನಲ್ಲಿ ಕೈ ಪಳಗಿಸಿಕೊಂಡು, ಸುಸ್ತಾದ ಮೇಲೆ ಅಜ್ಜನ ಕಾರು ಹತ್ತಿದ್ದೀಯ. ಇದು ಮೋಸ," ಎಂದಳು. ಶಾಲೆಯಲ್ಲಿ ಸಂಖ್ಯಾಶಾಸ್ತ್ರ ಕಲಿಯುತ್ತಿರುವವಳ ಮುಂದೆ ವಾದ ಸಲ್ಲದು. ಈ ಸಲ ನಾಣ್ಯ ಚಿಮ್ಮಿಸಿ ಸರದಿ ನಿರ್ಧರಿಸಿದಳು. ಒಬ್ಬನೇ ಚಾಲಕ, ಟ್ಯಾಂಕಿನಲ್ಲಿ ಎರಡಕ್ಕೂ ಅರ್ಧ ಪೆಟ್ರೋಲ್, ಬಂಕಿನಲ್ಲಿ ಸಿಗುವ ಅತಿ ಹೆಚ್ಚಿನ ಆಕ್ಟೇನಿನದು, ಕಿಟಕಿ ಮುಚ್ಚಿ ಓಟ. ಕಾರ್ವೇರಿನಲ್ಲಿ ಕಿಟಕಿ ಮುಚ್ಚುವುದೂ ಒಂದು ತಪಸ್ಸು. ಒಳಗೆ ಬಿಸಿಗಾಳಿ ಬರುವುದು ಸಿಲಿಂಡರುಗಳ ಮೈ ಸವರಿಕೊಂಡು; ಹೀಟರ್ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಎಂಜಿನ್ನಿನ ಮೇಲೆ ತೊಟ್ಟಿಕ್ಕಿದ ಒಂದು ಹನಿ ಎಣ್ಣೆಯೂ ಮೂಗಿಗೆ ಬರುತ್ತದೆ.

ಮಸ್ಟಾಂಗ್ 16.7 ಸೆಕೆಂಡ್, ಕೊನೆಯಲ್ಲಿ 82 ಮೈಲಿ ವೇಗ. ಕಾರ್ವೇರ್ 17.6 ಸೆಕೆಂಡ್, 77 ಮೈಲಿ. ಅಂದರೆ ರಿಪೇರಿಯಾದ ಕಾರ್ವೇರ್ ನನ್ನ ರಿಪೇರಿಯಾಗದ ಮಸ್ಟಾಂಗಿನ ಸರಿಸಮ. ಹಳೆಯ ಚೀಟಿಗಳನ್ನು ಹರಿದದ್ದು ಅಂದೇ ರಾತ್ರಿ.

ಚೀಟಿಯ ಮೊದಲ ಸಾಲು ಅಜ್ಜನನ್ನು ಕುಣಿಸಿತು. ಮೊದಲ 60 ಅಡಿಗೆ ಕಾರ್ವೇರ್ 2.5 ಸೆಕೆಂಡ್, ಮಸ್ಟಾಂಗ್ 2.6. ಹೊರಡುವಾಗ ಪುಟ್ಟ ಕಾರೇ ಮುಂದೆ. ಎಂಜಿನ್ನಿನ ಭಾರವೆಲ್ಲ ಓಡಿಸುವ ಚಕ್ರಗಳ ಮೇಲಿರುವುದರಿಂದ ಕ್ಲಚ್ ಬಿಟ್ಟಾಗ ಅದು ನೆಲ ಕಚ್ಚಿ ಹಿಡಿಯುತ್ತದೆ. ಮಸ್ಟಾಂಗಿನ ಹಿಂಬದಿ ಹಗುರ. ಸ್ವಲ್ಪ ಹೆಚ್ಚು ತುಳಿದರೆ ಒಂದು ಚಕ್ರ ಕೀಚಲು ಹಾಕಿ ಗಿರ್ರನೆ ಸುತ್ತುತ್ತದೆ, ಕಡಿಮೆ ತುಳಿದರೆ ಎಂಜಿನ್ ಮುಗ್ಗರಿಸುತ್ತದೆ. ಆರು ಓಟದಲ್ಲಿ ಒಂದು ಸಲ ಮಾತ್ರ ನನಗೆ ಆ ನಡುವಿನ ಹದ ಸಿಕ್ಕಿತು. ಎರಡನೇ ಗೇರಿಗೆ ಬಿದ್ದ ಮೇಲೆ ವಿ8 ತನ್ನ ದನಿ ತೆಗೆಯುತ್ತದೆ, ಆಮೇಲೆ ಪಂದ್ಯವಿಲ್ಲ.

ಈಗ ಆ ಸಂಬಳದ ಲೆಕ್ಕ. ಕಾಲು ಮೈಲಿಯ ಕೊನೆಯ ವೇಗವನ್ನು 234ರಿಂದ ಭಾಗಿಸಿ, ಬಂದದ್ದರ ಘನ ತೆಗೆದು (ಅಂದರೆ ಅದೇ ಸಂಖ್ಯೆಯನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ), ಚಾಲಕನೂ ಸೇರಿದ ತೂಕದಿಂದ ಗುಣಿಸಿದರೆ ಕಾರು ನಿಜಕ್ಕೂ ಬಳಸಿದ ಅಶ್ವಶಕ್ತಿಯ ಒಂದು ಅಂದಾಜು ಸಿಗುತ್ತದೆ. ಡ್ರ್ಯಾಗ್ ಓಟದವರು ಬಹಳ ಕಾಲದಿಂದ ಬಳಸುವ ಸೂತ್ರವಿದು. ನನ್ನ ತೂಕ 170 ಪೌಂಡ್. ಮಸ್ಟಾಂಗಿಗೆ 3,070 ಪೌಂಡ್ ಹಿಡಿದರೆ 132 ಬರುತ್ತದೆ. ಕಾರ್ವೇರಿಗೆ 2,730 ಹಿಡಿದರೆ 97. ಕಂಪನಿ ಹೇಳಿದ 225 ಮತ್ತು 140ರ ನಡುವೆ 85 ಅಶ್ವಶಕ್ತಿಯ ಅಂತರವಿತ್ತು. ಪಥದ ಮೇಲೆ ಅದು 35ಕ್ಕೆ ಇಳಿಯಿತು. ನನ್ನ ಎಂಜಿನ್ ಸವೆದಿರಬಹುದು, ಅಜ್ಜ ತಮ್ಮದನ್ನು ಐದು ವರ್ಷದ ಹಿಂದಷ್ಟೇ ಬಿಚ್ಚಿ ಕಟ್ಟಿದ್ದರು. ಆ ಅನುಮಾನದ ಲಾಭವನ್ನು ನನ್ನ ಕಾರಿಗೆ ಕೊಡುತ್ತೇನೆ. ಕೊಟ್ಟರೂ 225 ಎಂಬ ಅಂಕಿಯನ್ನು ಇನ್ನು ನಾನು ಯಾರ ಮುಂದೆಯೂ ಹೇಳಲಾರೆ.

ಅದೇ ಸಂಜೆ ನಾನು ಅಜ್ಜನ ಬೆಲ್ಟ್ ಹಾರಿಸಿದೆ. ಕಾರ್ವೇರಿನಲ್ಲಿ ತಂಪಿನ ಫ್ಯಾನ್ ಎಂಜಿನ್ನಿನ ನೆತ್ತಿಯ ಮೇಲೆ ಅಡ್ಡಲಾಗಿ ಮಲಗಿದೆ, ಅದನ್ನು ತಿರುಗಿಸುವ ರಾಟೆ ಹಿಂದೆ ನೆಟ್ಟಗೆ ನಿಂತಿದೆ. ಹಾಗಾಗಿ ಬೆಲ್ಟ್ ಎರಡು ಕಡೆ ಮೈ ತಿರುಚಿ ತಿರುಗಬೇಕು. ಎಂಜಿನ್ ವೇಗವಾಗಿ ಸುತ್ತುತ್ತಿರುವಾಗ ಥಟ್ಟನೆ ಗೇರ್ ಬದಲಿಸಬೇಡ, ಒಂದು ಉಸಿರು ಬಿಡು ಎಂದು ಅಜ್ಜ ಮೊದಲೇ ಹೇಳಿದ್ದರು. ನಾಲ್ಕನೇ ಓಟದಲ್ಲಿ ಹುರುಪಿಗೆ ಬಿದ್ದು ಎರಡರಿಂದ ಮೂರಕ್ಕೆ ಹೊಡೆದು ಹಾಕಿದೆ. ಹಿಂದೆ ಚಟೀರ್ ಎಂದಿತು, ಎದುರಿಗೆ ಕೆಂಪು ದೀಪ ಹತ್ತಿತು. ಈ ಎಂಜಿನ್ನಿಗೆ ಫ್ಯಾನ್ ನಿಂತರೆ ನಿಮಿಷಗಳಷ್ಟೇ ಆಯುಸ್ಸು. ಕೀಲಿ ತಿರುಗಿಸಿ ಆರಿಸಿ, ಬದಿಗೆ ಉರುಳಿಸಿಕೊಂಡು ಹೋದೆ. ಅಜ್ಜ ಬೈಯಲಿಲ್ಲ. ಡಿಕ್ಕಿಯಿಂದ, ಅಂದರೆ ಕಾರಿನ ಮುಂಭಾಗದಿಂದ, ಹೊಸ ಬೆಲ್ಟ್ ಮತ್ತು 9/16 ಇಂಚಿನ ಸ್ಪ್ಯಾನರ್ ತೆಗೆದರು. ಕಾರ್ವೇರ್ ಇಟ್ಟುಕೊಂಡವರು ಇವೆರಡಿಲ್ಲದೆ ಮನೆ ಬಿಡುವುದಿಲ್ಲ. ಹತ್ತು ನಿಮಿಷದಲ್ಲಿ ಬೆಲ್ಟ್ ಕೂತಿತು. ಬಿಗಿ ನೋಡಲು ಅವರು ಹೆಬ್ಬೆರಳಿನಿಂದ ಒತ್ತಿದ ರೀತಿ, ನಮ್ಮಲ್ಲಿ ಮಾವಿನ ಹಣ್ಣಿನ ಹದ ನೋಡುವ ರೀತಿ.

ನೇರ ಓಟದ ಕಥೆ ಇಲ್ಲಿಗೆ ಸಾಕು. ಕೆಲಸದ ಜಾಗಕ್ಕೆ ದಿನಾ ಮೂವತ್ತು ತಿರುವು ದಾಟುವವರಿಗೆ ಕಾಲು ಮೈಲಿಯ ಸಮಯದಿಂದ ಆಗಬೇಕಾದ್ದೇನೂ ಇಲ್ಲ.

ತಿರುವಿಗೆ ಮತ್ತು ಬ್ರೇಕಿಗೆ ನಾವು ಹೋದದ್ದು ಊರಿನ ಕಾರು ಸಂಘವೊಂದು ಶಂಕುಗಳನ್ನಿಟ್ಟು ಸ್ಪರ್ಧೆ ನಡೆಸುವ ದೊಡ್ಡ ಬಯಲಿಗೆ. ಸ್ಪರ್ಧೆಗೆ ಮೊದಲು ಎರಡು ಗಂಟೆ ಅನುಮತಿ ಸಿಕ್ಕಿತ್ತು. ಮಧ್ಯದಲ್ಲಿ ಮೊಳೆ ಹೊಡೆದು, 30 ಮೀಟರ್ ಹಗ್ಗ ಹಿಡಿದು, ಸೀಮೆಸುಣ್ಣದಲ್ಲಿ ವೃತ್ತ ಎಳೆದೆವು. ಆ ಗೆರೆ ಬಿಡದಂತೆ ಸಾಧ್ಯವಾದಷ್ಟು ವೇಗದಲ್ಲಿ ಸುತ್ತಬೇಕು. ಎಡಕ್ಕೆ ಮೂರು ಸುತ್ತು, ಬಲಕ್ಕೆ ಮೂರು, ಸರಾಸರಿ ತೆಗೆಯಬೇಕು. ಮಸ್ಟಾಂಗ್ ಒಂದು ಸುತ್ತಿಗೆ 13.1 ಸೆಕೆಂಡ್. ಸುತ್ತಳತೆ 188.5 ಮೀಟರ್ ಆದ್ದರಿಂದ ಪಕ್ಕದ ಎಳೆತ ಭೂಮಿಯ ಗುರುತ್ವದ 0.70 ಪಾಲು. ಕಾರ್ವೇರ್ 12.7 ಸೆಕೆಂಡ್, 0.75 ಪಾಲು. ಕಾಗದದಲ್ಲಿ ಸಣ್ಣ ಅಂತರ, ಸೀಟಿನಲ್ಲಿ ಕೂತವನಿಗೆ ದೊಡ್ಡದು. ಮಸ್ಟಾಂಗಿನ ಮೂತಿ ಗೆರೆಯಿಂದ ಹೊರಹೊರಗೆ ಜಾರುತ್ತದೆ; ಸ್ಟಿಯರಿಂಗ್ ಇನ್ನಷ್ಟು ತಿರುಗಿಸಿದರೆ ಟೈರು ಇನ್ನಷ್ಟು ಅರಚುತ್ತದೆ, ಕಾರು ತಿರುಗುವುದಿಲ್ಲ. ಪವರ್ ಸ್ಟಿಯರಿಂಗ್ ಇಲ್ಲ, ಆರು ಸುತ್ತಿನಲ್ಲಿ ಭುಜ ಬಿದ್ದುಹೋಯಿತು. ಕಾರ್ವೇರಿನ ಸ್ಟಿಯರಿಂಗ್ ಎರಡು ಬೆರಳಿಗೆ ಮಾತು ಕೇಳುತ್ತದೆ. 1965ರಲ್ಲಿ ಬಂದ ಹಿಂಬದಿಯ ಸಸ್ಪೆನ್ಷನ್ನಿನಲ್ಲಿ ಪ್ರತಿ ಚಕ್ರವೂ ಸ್ವತಂತ್ರ, ಪ್ರತಿ ದಂಡಕ್ಕೂ ಎರಡೆರಡು ಕೀಲು, ಶೆವರ್ಲೆಯದೇ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ ಮಾದರಿಯದು. ಒಂದು ಎಚ್ಚರಿಕೆ ಮಾತ್ರ ಇದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಹಿಂಭಾಗ ಹೊರಕ್ಕೆ ಹೊರಡುತ್ತದೆ. ನಾನು ಒಮ್ಮೆ ಎತ್ತಿದೆ. ಗೆರೆಯ ಒಳಗಿದ್ದವನು ಮಗಳು ನಿಂತ ದಿಕ್ಕಿಗೆ ಮುಖಮಾಡಿ ನಿಂತಿದ್ದೆ. ಅವಳು ಪುಸ್ತಕದಲ್ಲಿ "ಅಪ್ಪ ತಿರುಗಿ ನಿಂತ" ಎಂದು ಬರೆದುಕೊಂಡಳು.

ಬ್ರೇಕು ನನ್ನ ಅನ್ನದ ವಿಷಯ. ಹದಿನೈದು ವರ್ಷದಿಂದ ಬ್ರೇಕ್ ನಿಯಂತ್ರಣದ ತಂತ್ರಾಂಶ ಬರೆದು ಬದುಕುತ್ತಿದ್ದೇನೆ. ಈ ಎರಡೂ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್, ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ಎಲ್ಲೋ ಒಂದು ಕಡೆ ಎಣ್ಣೆ ಸೋರಿದರೆ ನಾಲ್ಕೂ ಹೋದವು. ಎರಡು ಕೋಣೆಯದು ಬಂದದ್ದು 1967ರ ಮಾದರಿಗಳಲ್ಲಿ. ಪರೀಕ್ಷೆಗೆ ಮೊದಲು ಎರಡೂ ಕಾರುಗಳ ರಬ್ಬರ್ ಕೊಳವೆಗಳನ್ನು, ಚಕ್ರದ ಸಿಲಿಂಡರುಗಳನ್ನು ನಾನೇ ಬಿಚ್ಚಿ ನೋಡಿದ್ದೆ. ಗಂಟೆಗೆ 40 ಮೈಲಿಯಿಂದ, ಅಂದರೆ 64 ಕಿಲೋಮೀಟರ್ ವೇಗದಿಂದ, ಬಿಡುವಿಲ್ಲದೆ ಎಂಟು ಸಲ ನಿಲ್ಲಿಸಿದೆ. ಮಸ್ಟಾಂಗ್ ಮೊದಲ ಸಲ ಇಪ್ಪತ್ತೈದು ಮೀಟರಿನಲ್ಲಿ ನಿಂತಿತು, ಎಂಟನೇ ಸಲ ಮೂವತ್ತೊಂದು ಬೇಕಾಯಿತು. ಪೆಡಲ್ ಪ್ರತಿ ಸಲವೂ ಒಂದಿಷ್ಟು ಕೆಳಗೆ, ಐದನೆಯದರಿಂದ ಎಡಕ್ಕೆ ಎಳೆತ, ಹಗುರವಾದ ಹಿಂಚಕ್ರಗಳು ಮೊದಲು ಬಿಗಿದುಕೊಂಡು ಬಾಲ ಅಲ್ಲಾಡುವುದು, ಲೈನಿಂಗ್ ಸುಟ್ಟ ವಾಸನೆ. ಕಾರ್ವೇರ್ ಮೊದಲ ಸಲ ಇಪ್ಪತ್ತೆರಡು, ಕೊನೆಗೆ ಇಪ್ಪತ್ತನಾಲ್ಕು. ಬ್ರೇಕ್ ಹಾಕಿದಾಗ ಯಾವ ಕಾರಿನ ಭಾರವೂ ಮುಂದಕ್ಕೆ ಬರುತ್ತದೆ. ಮೊದಲೇ ಭಾರವೆಲ್ಲ ಹಿಂದಿರುವ ಕಾರಿನಲ್ಲಿ ಆಗ ನಾಲ್ಕು ಚಕ್ರಗಳೂ ಹೆಚ್ಚುಕಡಿಮೆ ಸಮನಾಗಿ ದುಡಿಯುತ್ತವೆ. ವೇಬ್ರಿಜ್‌ನ ಚೀಟಿ ಆಗ ನೆನಪಾಯಿತು.

ಮಧ್ಯಾಹ್ನ ಶಂಕುಗಳ ದಾರಿ. ಮಸ್ಟಾಂಗಿನಲ್ಲಿ ನನ್ನ ಒಳ್ಳೆಯ ಸಮಯ 58.9 ಸೆಕೆಂಡ್, ಕಾರ್ವೇರಿನಲ್ಲಿ 57.6. ಹೋಲಿಕೆ ಮುಗಿಯಿತು, ತಿರುವಿನಲ್ಲಿ ಕಾರ್ವೇರ್ ಮೇಲು ಎಂದು ಪುಸ್ತಕ ಮುಚ್ಚುವ ಹೊತ್ತಿಗೆ ಅಜ್ಜ ಹೆಲ್ಮೆಟ್ ಕೇಳಿದರು. ತಮ್ಮ ಕಾರಿನಲ್ಲಿ 55.8. ಅದನ್ನಾದರೂ ಒಪ್ಪಬಹುದಿತ್ತು, ನಲವತ್ತು ವರ್ಷದ ಪಳಗಿದ ಕೈ. ಆಮೇಲೆ ನನ್ನ ಕಾರಿನ ಕೀಲಿಗೆ ಕೈಚಾಚಿದರು. ಹಿಂದೆಂದೂ ಕೂತಿರದ ಮಸ್ಟಾಂಗಿನಲ್ಲಿ, ಎರಡೇ ಓಟದಲ್ಲಿ, 57.4. ನಾನು ಕಾರ್ವೇರಿನಲ್ಲಿ ಮಾಡಿದ್ದಕ್ಕಿಂತ ಕಡಿಮೆ! ಮೂತಿ ಜಾರುವ ಮೊದಲೇ ಅವರು ವೇಗ ಇಳಿಸಿರುತ್ತಿದ್ದರು, ಶಂಕು ದಾಟುವ ಮೊದಲೇ ಮುಂದಿನ ಶಂಕು ನೋಡುತ್ತಿದ್ದರು. ಹೊರಗೆ ನಿಂತು ನೋಡಿದರೆ ನನಗಿಂತ ನಿಧಾನ ಎನ್ನಿಸುತ್ತಿತ್ತು. ಮಗಳು ಮೌನವಾಗಿ ಪಟ್ಟಿಯಲ್ಲಿ "ಚಾಲಕ" ಎಂಬ ಹೊಸ ಕಲಂ ಎಳೆದಳು. ಎರಡು ಕಾರುಗಳ ನಡುವಿನ ಅಂತರ ಸುಮಾರು ಒಂದೂವರೆ ಸೆಕೆಂಡ್, ಇಬ್ಬರು ಚಾಲಕರ ನಡುವಿನದೂ ಹೆಚ್ಚುಕಡಿಮೆ ಅಷ್ಟೇ ಎಂದು ತೋರಿಸಿದಳು. ಡ್ರ್ಯಾಗ್ ಪಥದಲ್ಲಿ ಅಜ್ಜನನ್ನು ನಾನು ಓಡಿಸಲು ಕೇಳಿರಲೇ ಇಲ್ಲ.

ಮೈಲೇಜನ್ನೂ ಬರೆದಿಟ್ಟಿದ್ದೇವೆ, ಊರ ಓಡಾಟ ಹೆದ್ದಾರಿ ಎರಡೂ ಸೇರಿ: ಮಸ್ಟಾಂಗ್ ಒಂದು ಗ್ಯಾಲನ್ನಿಗೆ 15 ಮೈಲಿ, ಕಾರ್ವೇರ್ 20. ಇದರ ಬಗ್ಗೆ ನಮ್ಮ ಮನೆಯಾಕೆಯ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ.

ಹಾಗಾದರೆ ಯಾವುದು ಮೇಲು ಎಂದು ಗೆಳೆಯರು ಕೇಳುತ್ತಾರೆ. ನೇರ ರಸ್ತೆಯಲ್ಲಿ ನನ್ನದು, ಉಳಿದೆಲ್ಲ ಕಡೆ ಅಜ್ಜನದು. ಮಸ್ಟಾಂಗ್ ಮಾರುವ ಯೋಚನೆ ಇದೆಯೇ ಎಂದರೆ ಇಲ್ಲ. ಬೆಳಿಗ್ಗೆ ಶೆಡ್ಡಿನ ಬಾಗಿಲು ಎತ್ತಿದಾಗ ಕಾಣುವ ಆ ಮೂತಿಯನ್ನು ಅಳೆಯಲು ನನ್ನಲ್ಲಿ ಉಪಕರಣವಿಲ್ಲ. ಅಕ್ಟೋಬರ್ ಕೊನೆಗೆ ರಸ್ತೆಗೆ ಉಪ್ಪು ಬೀಳುವ ಮುನ್ನ ಎರಡನ್ನೂ ಒಳಗಿಟ್ಟೆವು. ಈ ಸಲ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಉಳಿಯದ ಹಾಗೆ ಖಾಲಿಮಾಡಿದೆವು. ಹೊರಡುವಾಗ ಅಜ್ಜ ಒಂದು ಹೊಸ ಬೆಲ್ಟ್ ತಂದು ನನ್ನ ಶೆಡ್ಡಿನ ಮೊಳೆಗೆ ನೇತುಹಾಕಿದರು. ಬೇಸಿಗೆಯಲ್ಲಿ ಮಿಲಾನ್‌ಗೆ ಮತ್ತೆ ಹೋಗುವಾಗ ಅವರು ಮಸ್ಟಾಂಗ್ ಓಡಿಸುವವರು, ನಾನು ಕಾರ್ವೇರ್. ಹಾಗಾಗಿ ಈ ಬೆಲ್ಟಿನ ಖರ್ಚು ನನ್ನದಂತೆ.